ಪ್ಲಿಮತ್ತಿನ ಹಿಂದಿನ ಸಾಲು

ನಾನು ನನ್ನ ಮಾವನ ಕಾರನ್ನು ಹಿಂದೆ ಹಾಕಿದೆ. ಹಾಡಹಗಲಲ್ಲಿ, ಊರಿನ ದೊಡ್ಡವರೆಲ್ಲ ನೋಡುತ್ತಿರುವಾಗ, ತಲೆಯ ಮೇಲಿನ ಸೆರಗು ಗಾಳಿಗೆ ಹಾರಿದರೂ ಎಳೆದುಕೊಳ್ಳದೆ ಹಿಂದೆ ಹಾಕಿದೆ. ಪಂದ್ಯದಲ್ಲಿ ಮುಂದಿನವರನ್ನು ಹಿಂದೆ ಹಾಕದೆ ಇನ್ನೇನು ಆರತಿ ಎತ್ತಬೇಕಿತ್ತೇ? ಆದರೆ ಶಿವಮೊಗ್ಗದಲ್ಲಿ ಅದೂ ಒಂದು ಅಪರಾಧವಾಯಿತು, ಅದಕ್ಕೆ ಶಿಕ್ಷೆಯೂ ಆಯಿತು. ಆ ಶಿಕ್ಷೆಯನ್ನು ತಕ್ಕಡಿಯಲ್ಲಿ ತೂಗಿ ನನ್ನ ಕಾರಿಗೆ ಹೇರಿದರು.

ಮಾವ ಕೊಟ್ರಬಸಪ್ಪನವರು ಬಸ್ಸಿನ ಮಾಲೀಕರು. ಸವಳಂಗ ರಸ್ತೆಯ ನಮ್ಮ ಮನೆಯ ಪಕ್ಕದ ಶೆಡ್ಡಿನಿಂದ ದಿನಾ ಬೆಳಿಗ್ಗೆ ಮೂರು ಬಸ್ಸು ಹೊರಟು ಭದ್ರಾವತಿಗೆ ಹೋಗಿ ಬರುತ್ತಿದ್ದವು. ಓಡಾಟಕ್ಕೆ ಅವರದೇ ಒಂದು ನೀಲಿ ಪ್ಲಿಮತ್ ಇತ್ತು. ಅಮೆರಿಕದ ಕಾರು, ನಮ್ಮ ದೇವರ ಕೋಣೆಗಿಂತ ಉದ್ದ. ಮಾವ ಅದನ್ನು ಓಡಿಸಿದರೆ ಮದುವೆ ದಿಬ್ಬಣ ಹೊರಟ ಹಾಗೆ ಇರುತ್ತಿತ್ತು. ಎತ್ತಿನ ಗಾಡಿಯವನು ಬೇಕಾದರೆ ಜೊತೆಗೆ ನಡೆಯುತ್ತಾ ಕುಶಲ ವಿಚಾರಿಸಬಹುದಿತ್ತು.

ದಾರಿಯಲ್ಲಿ ಆ ಪ್ಲಿಮತ್ ಕಂಡರೆ ಅವರ ಬಸ್ಸಿನ ಡ್ರೈವರುಗಳು ದಾಟುತ್ತಿರಲಿಲ್ಲ. ಯಜಮಾನರನ್ನು ದಾಟಿ ಹೋಗುವುದು ಮರ್ಯಾದೆಯಲ್ಲ ಅಂತ ಹಿಂದೆಯೇ ತೆವಳುತ್ತಿದ್ದರು. ಭದ್ರಾವತಿ ಸ್ಟೇಷನ್ನಿನಲ್ಲಿ ರೈಲು ಹಿಡಿಯಬೇಕಾದವರು ಬಸ್ಸಿನೊಳಗೆ ಬಾಯಿ ಬಾಯಿ ಬಡಿದುಕೊಂಡರೂ ದಾಟುತ್ತಿರಲಿಲ್ಲ. ಡ್ರೈವರುಗಳನ್ನು ನೋಡಿ ಊರಿನವರೂ ಅದನ್ನೇ ಕಲಿತರು. ಮಾವ ಒಂದು ದಿನವೂ ದಾಟಬೇಡಿ ಅಂದವರಲ್ಲ. ಪಾಪ, ಅವರಿಗೆ ವಿಷಯವೇ ಗೊತ್ತಿರಲಿಲ್ಲ. ಕನ್ನಡಿಯಲ್ಲಿ ಹಿಂದೆಯೇ ಉಳಿದ ಬಸ್ಸನ್ನು ನೋಡಿ, “ನಮ್ಮ ಪ್ಲಿಮತ್ತಿನ ಮುಂದೆ ಯಾವುದೂ ನಿಲ್ಲಲ್ಲ ಬಿಡಿ” ಅಂತ ಮೀಸೆ ತಿರುವುತ್ತಿದ್ದರು. ಯಾರೂ ಅವರಿಗೆ ನಿಜ ಹೇಳಲಿಲ್ಲ.

ನಾನು ಹುಟ್ಟಿದ್ದು ದಾವಣಗೆರೆಯಲ್ಲಿ. ಅಲ್ಲಿ ನನ್ನ ತಂದೆ ಉಜ್ಜನಪ್ಪನವರ ಅಕ್ಕಿ ಗಿರಣಿಯಿತ್ತು. ಗಿರಣಿಯ ಅಂಗಳದಲ್ಲಿ ಭತ್ತದ ರಾಶಿಗಳ ನಡುವೆ ಕಾರು ತಿರುಗಿಸುತ್ತಾ ನಾನು ಓಡಿಸುವುದನ್ನು ಕಲಿತೆ. ಒಂದು ರಾಶಿಗೆ ತಗುಲಿದರೂ ಅಪ್ಪ ಆ ದಿನ ಮತ್ತೆ ಕೀ ಕೊಡುತ್ತಿರಲಿಲ್ಲ. ಮದುವೆಯಲ್ಲಿ ನನಗೊಂದು ಫಿಯೆಟ್ ಕೊಟ್ಟರು. ಗಂಡನ ಹೆಸರು ಉಮಾಮಹೇಶ್ವರ. ಹೀಗೆ ಹೆಸರು ಹಿಡಿದು ಹೇಳಬಾರದಂತೆ, ಆದರೆ ಈ ಕಥೆ ಮುಗಿಯುವುದರೊಳಗೆ ಅವರಿಗೆ ಇದಕ್ಕಿಂತ ಹೆಚ್ಚಿನದೇ ಕಾದಿದೆ. ಒಳ್ಳೆಯವರು, ಮೃದು ಮಾತಿನವರು. ಆ ಮೃದುತನವನ್ನು ಕಂಡರೆ ಕೆಲವು ಸಲ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಸಾವಿರದ ಒಂಬೈನೂರ ಅರವತ್ತೊಂದರ ಸಂಕ್ರಾಂತಿ ಕಳೆದ ಮೇಲೆ ನಮ್ಮ ಊರಿನ ಮೋಟಾರು ಸಂಘದವರು ಆರು ಗಂಟೆ ಕಾಲದ ಕಾರು ಓಟ ಇಟ್ಟರು. ಮಾವನೇ ಸಂಘದ ಅಧ್ಯಕ್ಷರು. ಜಾಗ ಭದ್ರಾವತಿಯ ಜನ್ನಾಪುರದ ಆಚೆ. ಅಲ್ಲಿ ಹೊಸ ಬಡಾವಣೆಗೆಂದು ರಸ್ತೆ ಹಾಕಿದ್ದರು, ಮನೆಗಳು ಇನ್ನೂ ಎದ್ದಿರಲಿಲ್ಲ. ಆ ರಸ್ತೆಗಳನ್ನು ಸುತ್ತು ಹಾಕಬೇಕು. ಆರು ಗಂಟೆ ಮುಗಿದಾಗ ಯಾರು ಮುಂದಿರುತ್ತಾರೋ ಅವರಿಗೆ ಬಹುಮಾನದ ಕಪ್ಪು, ಮತ್ತು ಸಂಘದ ಹೆಸರಿನಲ್ಲಿ ಮದರಾಸಿನ ಹತ್ತಿರದ ಶೋಲಾವರಂ ಓಟಕ್ಕೆ ಹೋಗುವ ಅವಕಾಶ. ಕಾರಿಗೆ ಇಬ್ಬರು ಓಡಿಸುವವರು, ಒಬ್ಬರು ನಾಲ್ಕು ಗಂಟೆಗಿಂತ ಹೆಚ್ಚು ಓಡಿಸುವ ಹಾಗಿಲ್ಲ. ಈ ನಿಯಮ ಅಧ್ಯಕ್ಷರೊಬ್ಬರಿಗೆ ಅನ್ವಯವಾಗುತ್ತಿರಲಿಲ್ಲ, ಏಕೆಂದರೆ ನಿಯಮ ಮಾಡಿದವರು ಅವರೇ.

ನಾನು ಗಂಡನ ಜೊತೆ ಸೇರಿ ಹೆಸರು ಕೊಡುತ್ತೇನೆ ಎಂದಾಗ ಮಾವ ನಕ್ಕರು. ಆಗ ಪಡಸಾಲೆಯಲ್ಲಿ ನಾಲ್ಕು ಜನ ಕೂತಿದ್ದರು, ಅವರೂ ನಕ್ಕರು.

“ಆಯ್ತಮ್ಮ ಜಗದಾಂಬಾ, ಕೊಡು ಹೆಸರು,” ಎಂದರು ಮಾವ. “ಗೆದ್ರೆ ಶೋಲಾವರಂಗೆ ಗಂಡ ಹೆಂಡ್ತಿ ಹೋಗಿ ಬನ್ನಿ, ನಾನೇ ಕಳಿಸ್ತೀನಿ. ಸೋತ್ರೆ ಕೀ ನನ್ನ ಕೈಗೆ ಕೊಟ್ಟು ಬಿಡು. ಆಮೇಲೆ ಸ್ಟಿಯರಿಂಗ್ ಸುದ್ದಿ ಎತ್ತೋ ಹಾಗಿಲ್ಲ. ಒಪ್ಪಿಗೆನಾ?”

“ಒಪ್ಪಿಗೆ ಮಾವ,” ಎಂದೆ. ನಾಲ್ಕು ಜನರ ಮುಂದೆ ಆಡಿದ ಮಾತು. ಹಿಂದಕ್ಕೆ ತೆಗೆದುಕೊಳ್ಳುವ ದಾರಿ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ದೊಡ್ಡ ಕಾರು ಸಣ್ಣ ಕಾರು ಎಲ್ಲ ಸೇರಿ ಏಳು ಬಂದವು. ಮಾವನ ಪ್ಲಿಮತ್, ಗಿರಣಿ ಸುಬ್ಬಪ್ಪನವರ ಅಂಬಾಸಡರ್, ಗಾಜನೂರಿನ ಭೈರಪ್ಪಗೌಡರ ಲ್ಯಾಂಡ್‌ಮಾಸ್ಟರ್, ಒಬ್ಬ ಡಾಕ್ಟರ ಪುಟಾಣಿ ಮಾರಿಸ್, ಇನ್ನೆರಡು, ಮತ್ತು ನನ್ನ ಫಿಯೆಟ್. ಪ್ಲಿಮತ್ತಿಗೂ ಮಾರಿಸ್ಸಿಗೂ ಒಂದೇ ಕಪ್ಪು ಇಟ್ಟರೆ ಮಾರಿಸ್ಸಿನವರು ಯಾಕೆ ಬರಬೇಕು? ಅದಕ್ಕೆ ಶೇಷಪ್ಪನವರು ಒಂದು ಉಪಾಯ ಹೇಳಿದರು. ಅವರು ನಿವೃತ್ತ ಎಂಜಿನಿಯರು, ಸಂಘದ ಲೆಕ್ಕಾಚಾರವೆಲ್ಲ ಅವರದೇ. ಓಟಕ್ಕೆ ಒಂದು ವಾರ ಮೊದಲು ಎಲ್ಲ ಕಾರುಗಳನ್ನೂ ಓಡಿಸಿ ನೋಡುವುದು, ಜೋರಾಗಿ ಓಡುವ ಕಾರಿಗೆ ಅದರ ಜೋರಿಗೆ ತಕ್ಕಷ್ಟು ಬೀಡು ಕಬ್ಬಿಣದ ಗಟ್ಟಿ ಹೇರುವುದು. ಆಗ ಎಲ್ಲರೂ ಸಮವಾಗುತ್ತಾರೆ, ಗೆಲ್ಲುವುದು ಓಡಿಸುವವರ ಕೈ. ಮಾತು ಚೆನ್ನಾಗಿತ್ತು. ನಾನೂ ಮೆಚ್ಚಿಕೊಂಡೆ. ಪ್ಲಿಮತ್ತಿಗೆ ಒಂದು ಲಾರಿ ಕಬ್ಬಿಣ ಬೀಳುತ್ತದೆ ಅಂತ ಒಳಗೊಳಗೇ ಖುಷಿಯೂ ಪಟ್ಟೆ.

ಪರೀಕ್ಷೆಯ ದಿನ ಕಾರುಗಳು ಒಂದೊಂದಾಗಿ ಓಡಬೇಕಿತ್ತು. ಆದರೆ ಬಿಸಿಲೇರುತ್ತಿದೆ, ಊಟದ ಹೊತ್ತಿಗೆ ಮನೆ ಸೇರಬೇಕು ಅಂತ ಎಲ್ಲವನ್ನೂ ಒಟ್ಟಿಗೇ ಬಿಟ್ಟರು. ಅಧ್ಯಕ್ಷರು ಮೊದಲು ಹೊರಡಬೇಕಲ್ಲ, ಪ್ಲಿಮತ್ ಮುಂದೆ. ಅದರ ಹಿಂದೆ ಐದು ಕಾರು. ಕೊನೆಯಲ್ಲಿ ನಾನು.

ಮೊದಲ ಸುತ್ತು ಮುಗಿಯುವ ಹೊತ್ತಿಗೇ ನನಗೆ ಅರ್ಥವಾಯಿತು. ಐದೂ ಕಾರು ಪ್ಲಿಮತ್ತಿನ ಹಿಂದೆ ಬಾತುಕೋಳಿ ಮರಿಗಳ ಹಾಗೆ ಸಾಲು ಕಟ್ಟಿವೆ. ಪ್ಲಿಮತ್ ಎತ್ತಿನ ಗಾಡಿಯ ಜೊತೆ ಮಾತಾಡುವ ವೇಗದಲ್ಲಿದೆ. ಮಾರಿಸ್ಸಿನ ಡಾಕ್ಟರು ಒಂದು ಕೈಯಲ್ಲಿ ಸಿಗರೇಟು ಸೇದುತ್ತಿದ್ದಾರೆ. ಅಂಬಾಸಡರಿನ ಸುಬ್ಬಪ್ಪನವರು ಹಿಂದೆ ಕೂತವರ ಕಡೆ ತಿರುಗಿ ಏನೋ ತಮಾಷೆ ಹೇಳುತ್ತಿದ್ದಾರೆ.

ನಾನು ಬಲಕ್ಕೆ ಎಳೆದೆ. ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಬಾಗಿಲು ಗಟ್ಟಿಯಾಗಿ ಹಿಡಿದುಕೊಂಡರು.

“ಬೇಡ ಮಾರಾಯ್ತಿ. ಅಪ್ಪ ಇದಾರೆ ಮುಂದೆ.”

“ಅದಕ್ಕೇ ದಾಟ್ತಿರೋದು,” ಎಂದೆ.

ಒಂದೊಂದಾಗಿ ಐದನ್ನೂ ದಾಟಿದೆ, ಆಮೇಲೆ ಪ್ಲಿಮತ್ತನ್ನೂ ದಾಟಿದೆ. ದಾಟುವಾಗ ಮಾವನ ಮುಖ ಒಂದು ಕ್ಷಣ ಕಂಡಿತು. ಸಿಟ್ಟಿರಲಿಲ್ಲ. ಅಲ್ಲಿದ್ದದ್ದು ಬರೀ ಆಶ್ಚರ್ಯ.

ಅವತ್ತು ಸಂಜೆ ಎಲ್ಲರೂ ನಮ್ಮ ಪಡಸಾಲೆಯಲ್ಲಿ ಸೇರಿದರು. ಮಂಡಕ್ಕಿ, ಮೆಣಸಿನಕಾಯಿ ಬೋಂಡಾ, ಕಾಫಿ. ನಾನು ಕಾಫಿಯ ತಟ್ಟೆ ಹಿಡಿದು ಬರುವಾಗ ಶೇಷಪ್ಪನವರು ತೀರ್ಪು ಹೇಳುತ್ತಿದ್ದರು.

“ಪ್ರಕೃತಿನೇ ಸಮ ಮಾಡಿಟ್ಟಿದೆ ಸ್ವಾಮಿ! ಪ್ಲಿಮತ್ತು, ಅಂಬಾಸಡರು, ಮಾರಿಸ್ಸು, ಆರಕ್ಕೂ ಹೆಚ್ಚು ಕಮ್ಮಿ ಒಂದೇ ಟೈಮು. ಇವಕ್ಕೆ ತೂಕ ಬೇಡವೇ ಬೇಡ. ಫಿಯೆಟ್ ಒಂದೇ ವಿಪರೀತ ಮುಂದೆ. ಅದಕ್ಕೆ ಮೂರು ಆಳಿನ ತೂಕದಷ್ಟು ಕಬ್ಬಿಣ ಹೇರಿದ್ರೆ ಏಳೂ ಸಮ ಆಗುತ್ತೆ.”

ನಾನು ತಟ್ಟೆ ಹಿಡಿದು ನಿಂತಲ್ಲೇ ನಿಂತೆ. ಜೋರಾಗಿ ಓಡಿದವಳು ನಾನೊಬ್ಬಳೇ, ಆದ್ದರಿಂದ ನನಗೆ ಕಬ್ಬಿಣ. ಹಲ್ಲು ಕಿಸಿಯುತ್ತಾ ಹಿಂದೆ ತೆವಳಿದವರಿಗೆ ಬೋಂಡಾ!

“ಶೇಷಪ್ಪನೋರೇ,” ಎಂದೆ, “ಡಾಕ್ಟ್ರ ಮಾರಿಸ್ಸಿಗೂ ಪ್ಲಿಮತ್ತಿಗೂ ಒಂದೇ ವೇಗ ಅಂತ ನಿಮ್ಮ ಗಡಿಯಾರ ಹೇಳ್ತು. ನಿಮ್ಮ ಕಣ್ಣು ಏನು ಹೇಳ್ತು?”

“ಕಣ್ಣಲ್ಲಿ ಲೆಕ್ಕ ಹಾಕೋಕಾಗಲ್ಲಮ್ಮ.”

“ಹಂಗಾದ್ರೆ ಇನ್ನೊಂದು ಸಲ ಓಡಿಸಿ. ಒಂದೊಂದೇ ಕಾರು ಬಿಡಿ. ಇಲ್ಲಾಂದ್ರೆ ಮಾವನ ಕಾರು ಕೊನೇಲಿ ಹೊರಡಲಿ.”

ಸುಬ್ಬಪ್ಪನವರು ಒಂದು ಹಿಡಿ ಮಂಡಕ್ಕಿ ಬಾಯಿಗೆ ತುಂಬಿಕೊಂಡರು, ಮಾತಾಡುವ ಪ್ರಮೇಯವೇ ಬರದಿರಲಿ ಅಂತ. ಡಾಕ್ಟರು ಗೋಡೆಯ ಮೇಲಿನ ಬಸವಣ್ಣನ ಪಟವನ್ನು ಹೊಸದಾಗಿ ನೋಡಿದವರ ಹಾಗೆ ನೋಡಿದರು.

“ಯಾಕಮ್ಮ? ನಾನು ಮುಂದಿದ್ರೆ ಏನಾಯ್ತು?” ಎಂದರು ಮಾವ. ನಿಜವಾಗಿಯೂ ತಿಳಿಯದೆ ಕೇಳಿದರು.

ಏನು ಹೇಳಲಿ? ಅವರದೇ ಮನೆಯಲ್ಲಿ, ಅವರ ಅತಿಥಿಗಳ ಮುಂದೆ, ಸೊಸೆಯಾದವಳು ಹೇಳುವ ಮಾತಲ್ಲ ಅದು. ಮಗ ಹೇಳಬಹುದಿತ್ತು. ಮಗನ ಕಡೆ ನೋಡಿದೆ. ಮಗರಾಯರು ಕಾಫಿಯ ನೊರೆಯನ್ನು ಊದುತ್ತಿದ್ದರು. ಊದಿಯೇ ಊದಿದರು. ನಾನು ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದೆ. ಎರಡು ಲೋಟ ಉರುಳಿ ಶೇಷಪ್ಪನವರ ಪಂಚೆ ಒದ್ದೆಯಾಯಿತು, ಅದಕ್ಕೆ ನನಗೇನೂ ಬೇಜಾರಾಗಲಿಲ್ಲ.

ಅತ್ತೆ ದಾಕ್ಷಾಯಣಮ್ಮ ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಬೋಂಡಾ ಕರಿಯುತ್ತಿದ್ದರು. ನಾನು ಕೂಗಾಡಿದ್ದೆಲ್ಲವನ್ನೂ ಕೇಳಿಸಿಕೊಂಡರು.

“ಎಲ್ಲರಿಗೂ ಗೊತ್ತು ಕಣೇ,” ಎಂದರು, ಜಾಲರಿಯಿಂದ ಎಣ್ಣೆ ಬಸಿಯುತ್ತಾ. “ಊರಿಗೇ ಗೊತ್ತು. ನನಗೆ ಈ ಮನೆಗೆ ಬಂದ ಮೊದಲ ವರ್ಷವೇ ಗೊತ್ತಾಯ್ತು. ಮಠಕ್ಕೆ ಹೋಗೋವಾಗ ನಾನು ಅವರ ಹಿಂದೆ ನಡೀತಿದ್ದೆ. ನನ್ನ ಕಾಲು ಅವರಿಗಿಂತ ಚುರುಕಿತ್ತು. ನಡೆದು ನಡೆದು ಈಗ ನಿಧಾನ ಆಗೋಗಿದೆ.”

“ನೀವ್ಯಾಕೆ ಹೇಳಲಿಲ್ಲ ಅತ್ತೆ?”

“ಹೇಳೋಕೆ ಅವರ ಎದುರಿಗೆ ಬರಬೇಕಲ್ಲ,” ಎಂದರು ಅತ್ತೆ. ಮತ್ತೆ ಹಿಟ್ಟು ಕಲೆಸತೊಡಗಿದರು.

ಗಂಡನ ಮೇಲೆ ಹರಿಹಾಯ್ದದ್ದು ಮರುದಿನ ಬಸ್ಸಿನ ಶೆಡ್ಡಿನಲ್ಲಿ. ಮನೆಯಲ್ಲಿ ಕೂಗಾಡಲು ಜಾಗ ಸಾಲದು ಅಂತ ಅಲ್ಲಿಗೆ ಕರೆದುಕೊಂಡು ಹೋಗಿದ್ದೆ.

“ಬಾಯಲ್ಲಿ ಏನಿಟ್ಟುಕೊಂಡಿದ್ರಿ ನೀವು? ಒಂದು ಮಾತು! ‘ಅಪ್ಪಾ, ಇವರು ಯಾರೂ ನಿಮ್ಮನ್ನ ದಾಟೋಕೇ ಹೋಗ್ಲಿಲ್ಲ’ ಅಂತ ಒಂದೇ ಮಾತು!”

“ಅಷ್ಟು ಜನರ ಮುಂದೆ ಅಪ್ಪನಿಗೆ ಹಂಗನ್ನೋಕಾಗುತ್ತಾ ಜಗದಾ?”

“ನನ್ನ ಕೈಯಿಂದ ಕಾರು ಹೋಗೋದು ಆಗುತ್ತಾ? ಅದನ್ನ ನೋಡ್ತಾ ಕೂರ್ತೀರಾ?”

ಅವರು ನನ್ನ ತಲೆಯ ಮೇಲೆ ಕೈಯಿಟ್ಟರು.

“ನಿನ್ನಾಣೆಗೂ, ಮಾತಲ್ಲಿ ಹೇಳೋಕೆ ನನ್ನಿಂದ ಆಗಲ್ಲ. ರಸ್ತೇಲಿ ದಾಟ್ತೀನಿ. ನನ್ನ ಸರದಿ ಬಂದಾಗ ಅಪ್ಪ ಮುಂದಿದ್ರೂ ದಾಟ್ತೀನಿ.”

ನಂಬಿದೆ. ನಂಬದೆ ಇನ್ನೇನು ಮಾಡಲಿ?

ಓಟದ ದಿನ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಡೆಯಿಂದ ಒಂದು ಲಾರಿ ಬಂದು ಕಬ್ಬಿಣದ ಗಟ್ಟಿಗಳನ್ನು ಇಳಿಸಿತು. ಅವನ್ನು ಫಿಯೆಟ್ಟಿನ ಡಿಕ್ಕಿಗೂ ಹಿಂದಿನ ಸೀಟಿನ ಕೆಳಗೂ ತುಂಬಿದರು. ಕಾರಿನ ಹಿಂಭಾಗ ಕುಸಿದು ಮೂತಿ ಆಕಾಶ ನೋಡಿತು. ಜನ್ನಾಪುರದಿಂದ ನೋಡಲು ಬಂದ ಹೆಂಗಸರು ಬಾಯಿಗೆ ಸೆರಗಿಟ್ಟುಕೊಂಡು ನಕ್ಕರು. ಒಬ್ಬಳು ತಮಿಳಿನಲ್ಲಿ ಏನೋ ಅಂದಳು, ಇನ್ನೊಬ್ಬಳು ಕೈತಟ್ಟಿದಳು. ಮೊದಲ ನಾಲ್ಕು ಗಂಟೆ ನಾನೇ ಓಡಿಸುತ್ತೇನೆ ಎಂದೆ. ಸಿಟ್ಟು ಬಿಸಿಯಿರುವಾಗಲೇ ಓಡಿಸಬೇಕು ಅನ್ನಿಸಿತ್ತು.

ಆ ಕಾರನ್ನು ಓಡಿಸುವುದು ಮೊಂಡು ಎಮ್ಮೆಯನ್ನು ಹೊಡೆದ ಹಾಗಿತ್ತು. ವೇಗ ಹಿಡಿಯಲು ಯುಗ ಬೇಕು, ಹಿಡಿದರೆ ನಿಲ್ಲಿಸಲು ಆಗದು. ತಿರುವಿನಲ್ಲಿ ಹಿಂಭಾಗ ನನ್ನನ್ನು ಕೇಳದೆ ಹೊರಗೆ ಜಾರುತ್ತಿತ್ತು. ಬ್ರೇಕಿನಿಂದ ಸುಟ್ಟ ರಬ್ಬರಿನ ವಾಸನೆ ಬರುತ್ತಿತ್ತು. ಧೂಳು ಬೆವರಿಗೆ ಅಂಟಿ ಮುಖ ಕೆಸರಾಯಿತು. ಒಂದೊಂದು ಸುತ್ತಿಗೂ ಒಬ್ಬೊಬ್ಬರನ್ನು ಬೈಯುತ್ತಾ ಓಡಿಸಿದೆ. ಒಂದು ಸುತ್ತು ಶೇಷಪ್ಪನವರಿಗೆ, ಒಂದು ಸುಬ್ಬಪ್ಪನವರಿಗೆ, ಎರಡು ಕಾಫಿಯ ನೊರೆಗೆ.

ಆದರೂ ಹಿಂದೆ ಬೀಳಲಿಲ್ಲ. ಹೇಗೆ ಬೀಳಲಿ? ಮುಂದೆ ಹೋಗುತ್ತಿದ್ದದ್ದು ದಿಬ್ಬಣ ತಾನೇ. ಆರು ಕಾರು, ಮೊದಲು ಪ್ಲಿಮತ್. ನಾನು ಎಮ್ಮೆ ಹೊಡೆದುಕೊಂಡೇ ಅವರನ್ನು ದಾಟಿದೆ. ಸುಬ್ಬಪ್ಪನವರು ಕೈಬೀಸಿ, “ಹೋಗಮ್ಮ, ಹೋಗು” ಎಂದು ದಾರಿ ಬಿಟ್ಟರು. ಆ ಬೀಸಿದ ಕೈಯನ್ನು ಮುರಿಯಬೇಕು ಅನ್ನಿಸಿತು.

ಹನ್ನೊಂದರ ಸುಮಾರಿಗೆ ಮಾವ ಪೆಟ್ರೋಲಿಗೆಂದು ನಿಂತರು. ನೋಡುತ್ತೇನೆ, ಉಳಿದ ಐದು ಕಾರಿಗೂ ಅದೇ ಹೊತ್ತಿಗೆ ಪೆಟ್ರೋಲು ಬೇಕಾಯಿತು! ಮಾವ ಶಾಮಿಯಾನದ ಕೆಳಗೆ ಕಾಫಿ ಕುಡಿದರು, ಐದೂ ಜನ ಕುಡಿದರು. ಮಾವ ಎಲೆಯಡಿಕೆ ಹಾಕಿಕೊಂಡರು, ಐದೂ ಜನ ಹಾಕಿಕೊಂಡರು. ಅವರು ಎದ್ದು ಹೊರಟ ಮೇಲೆಯೇ ಇವರೂ ಹೊರಟರು, ಅದೇ ಸಾಲಿನಲ್ಲಿ. ನಾನು ಆ ಹೊತ್ತಿನಲ್ಲಿ ಸುತ್ತಿನ ಮೇಲೆ ಸುತ್ತು ಹಾಕಿದೆ. ಒಂದು ಗಂಟೆಗೆ ಗಂಡನ ಕೈಗೆ ಸ್ಟಿಯರಿಂಗ್ ಕೊಡುವಾಗ ನಮ್ಮ ಕಾರು ಎಲ್ಲರಿಗಿಂತ ಎರಡು ಸುತ್ತು ಮುಂದಿತ್ತು. ಇಳಿದಾಗ ನನ್ನ ತೋಳು ಮೇಲೆತ್ತಲು ಆಗುತ್ತಿರಲಿಲ್ಲ.

“ಮಾತು ನೆನಪಿದೆಯಲ್ಲ?” ಎಂದೆ.

“ಇದೆ,” ಎಂದರು.

ಅವರು ಚೆನ್ನಾಗಿಯೇ ಓಡಿಸಿದರು, ಅದನ್ನು ಇಲ್ಲವೆನ್ನುವುದಿಲ್ಲ. ಮುಂದಿದ್ದ ನಾವು ಮುಂದೆಯೇ ಇರುತ್ತಿದ್ದೆವು, ಆದರೆ ಮಧ್ಯಾಹ್ನದ ಬಿಸಿಲಿಗೆ, ಆ ಕಬ್ಬಿಣದ ಭಾರಕ್ಕೆ, ಹಿಂದಿನ ಟೈರು ಸಿಡಿಯಿತು. ಓಡಿಸುವವರನ್ನು ಬಿಟ್ಟು ಬೇರೆ ಯಾರೂ ಕಾರು ಮುಟ್ಟುವ ಹಾಗಿರಲಿಲ್ಲ. ಕಬ್ಬಿಣ ತುಂಬಿದ ಕಾರನ್ನು ಜಾಕು ಎತ್ತಲಿಲ್ಲ. ಗಟ್ಟಿಗಳನ್ನೆಲ್ಲ ಇಳಿಸಿ, ಚಕ್ರ ಬದಲಿಸಿ, ಮತ್ತೆ ಅಷ್ಟನ್ನೂ ತುಂಬಬೇಕು. ಒಂದು ಗಟ್ಟಿ ಬಿಟ್ಟರೂ ಪಂದ್ಯದಿಂದ ಹೊರಗೆ ಅಂತ ಶೇಷಪ್ಪನವರು ಮೈಕಿನಲ್ಲಿ ನೆನಪಿಸಿದರು. ನನ್ನ ಉಗುರು ಎರಡು ಕಿತ್ತು ಬಂದವು. ನಾವು ಹೊತ್ತು ಹಾಕುತ್ತಿರುವಾಗ ದಿಬ್ಬಣ ನಮ್ಮ ಪಕ್ಕದಲ್ಲಿ ಒಂದಲ್ಲ, ಎರಡಲ್ಲ, ಮೂರು ಸಲ ಹಾದು ಹೋಯಿತು.

ಮತ್ತೆ ಹೊರಟಾಗ ಕೊನೆಯ ಅರ್ಧ ಗಂಟೆ ಉಳಿದಿತ್ತು. ಎಲ್ಲರೂ ಒಂದೇ ಸುತ್ತಿನಲ್ಲಿದ್ದಾರೆ, ಫಿಯೆಟ್ ಕೊನೆಗಿದೆ ಎಂದು ಮೈಕು ಕೂಗಿತು. ನಾನು ರಸ್ತೆಯ ಬದಿಗೆ ಓಡಿ ನಿಂತೆ. ನನ್ನ ಗಂಡ ಮಾರಿಸ್ಸನ್ನು ದಾಟಿದರು. ಮರುಸುತ್ತಿಗೆ ಲ್ಯಾಂಡ್‌ಮಾಸ್ಟರನ್ನು ದಾಟಿದರು. ಆ ಕುಸಿದ ಕಾರನ್ನು ತಿರುವಿನಲ್ಲಿ ಹೇಗೆ ಹಿಡಿದು ತಿರುಗಿಸುತ್ತಿದ್ದರೆಂದರೆ, ನಾನು ಸಿಟ್ಟನ್ನೆಲ್ಲ ಮರೆತು ಕೂಗಿದೆ. ಇನ್ನೆರಡು ಕಾರು ಹಿಂದೆ ಬಿದ್ದವು. ಅಂಬಾಸಡರೂ ಹಿಂದೆ ಬಿತ್ತು. ಇನ್ನು ಮುಂದಿದ್ದದ್ದು ಪ್ಲಿಮತ್ ಒಂದೇ, ಉಳಿದದ್ದು ಮೂರು ಸುತ್ತು.

ಮೊದಲ ಸುತ್ತಿನಲ್ಲಿ ಫಿಯೆಟ್ ಪ್ಲಿಮತ್ತಿನ ಬೆನ್ನಿಗೆ ಬಂತು. ಬಲಗಡೆ ರಸ್ತೆ ಖಾಲಿಯಿತ್ತು. ನಾನು ಎರಡೂ ಕೈ ಬೀಸಿ, “ದಾಟಿ! ದಾಟಿ!” ಎಂದು ಅರಚಿದೆ. ನನ್ನ ಮುಂದೆ ಹಾದು ಹೋಗುವಾಗ ಅವರ ಮುಖ ಕಂಡಿತು. ಪಡಸಾಲೆಯಲ್ಲಿ ಕಾಫಿ ಊದುವಾಗಿನ ಮುಖ. ಎರಡನೆಯ ಸುತ್ತು ಹಾಗೆಯೇ ಹೋಯಿತು. ಮೂರನೆಯದೂ ಹಾಗೆಯೇ ಹೋಯಿತು. ಪ್ಲಿಮತ್ ಮೊದಲು, ಅದರ ಬಾಲಕ್ಕೆ ಕಟ್ಟಿದ ಹಾಗೆ ಫಿಯೆಟ್. ಬಾವುಟ ಬಿತ್ತು.

ನನ್ನ ಗಂಡ ಇಳಿದು ಬಂದು, “ಆಗ್ಲಿಲ್ಲ ಜಗದಾ. ಕಾಲು ಒತ್ತಲೇ ಇಲ್ಲ,” ಎಂದರು. ಕಣ್ಣು ತುಂಬಿತ್ತು. ನಾನು ಅವರ ಕೈಯಿಂದ ಕೀ ಕಿತ್ತುಕೊಂಡು ಹೊರಟೆ. ಬಾಯಿ ತೆರೆದಿದ್ದರೆ ಅದು ಆಡಬಾರದ ಮಾತಾಗುತ್ತಿತ್ತು.

ಶಾಮಿಯಾನದ ಕೆಳಗೆ ಮಾವನಿಗೆ ಹಾರ ಹಾಕಿ ಕಪ್ಪು ಕೊಟ್ಟರು. ಮಾವನ ಮುಖ ಬೆಳಗುತ್ತಿತ್ತು. ಆರು ಗಂಟೆ ಒಬ್ಬರೇ ಓಡಿಸಿದ್ದರು, ಅರವತ್ತರ ಹತ್ತಿರದವರು.

“ನನ್ನ ಮಗ ಕೊನೇವರೆಗೂ ಬೆನ್ನು ಬಿಡಲಿ‌ಲ್ಲ,” ಎಂದರು ಮೈಕಿನಲ್ಲಿ. “ಆದ್ರೆ ಪ್ಲಿಮತ್ತು ಪ್ಲಿಮತ್ತೇ.” ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ಅವರು ನನ್ನ ಕಡೆ ತಿರುಗಿ, ಮೆತ್ತಗೆ, ಪ್ರೀತಿಯಿಂದಲೇ ಕೈ ಚಾಚಿದರು. “ಚೆನ್ನಾಗಿ ಓಡಿಸ್ದೆ ಕಣಮ್ಮ. ಆದ್ರೆ ಮಾತು ಅಂದ್ರೆ ಮಾತು. ಕೀ ಕೊಡು.”

ನಾನು ಕೀಯನ್ನು ಅವರ ಅಂಗೈಯಲ್ಲಿಟ್ಟೆ. ಇಟ್ಟ ಮೇಲೆ ನಾಲಿಗೆ ಹಿಡಿದುಕೊಳ್ಳುವ ಕಾರಣ ಯಾವುದೂ ಉಳಿಯಲಿಲ್ಲ.

“ತಗೊಳ್ಳಿ ಮಾವ. ನಾನು ಸೋತಿದ್ದು ನಿಜ. ಆದ್ರೆ ನೀವು ಗೆದ್ದಿದ್ದು ನಿಜ ಅಲ್ಲ.”

“ಏನಂದೆ?”

“ಇವರು ಯಾರೂ ನಿಮ್ಮ ಜೊತೆ ಓಡಲೇ ಇಲ್ಲ. ಆರು ಗಂಟೆ ನಿಮ್ಮ ಹಿಂದೆ ಮೆರವಣಿಗೆ ಬಂದ್ರು. ಹೋದ ವಾರಾನೂ ಹಂಗೇ. ನಿಮ್ಮ ಬಸ್ಸಿನವರು ದಿನಾ ಹಂಗೇ. ದೊಡ್ಡವರನ್ನ ದಾಟಬಾರದು ಅಂತ ಬಿಟ್ಟುಕೊಡ್ತಾರೆ. ನಿಮಗೊಬ್ಬರಿಗೇ ಗೊತ್ತಿಲ್ಲ.”

ಮಾವ ನಕ್ಕರು. ಆ ನಗು ಅರ್ಧಕ್ಕೇ ನಿಂತಿತು, ಏಕೆಂದರೆ ಬೇರೆ ಯಾರೂ ನಗಲಿಲ್ಲ.

“ಏನ್ರೀ ಸುಬ್ಬಪ್ಪ? ಹೌದೇನ್ರೀ?”

ಸುಬ್ಬಪ್ಪನವರು ಕೈ ಹೊಸೆದರು. “ಹಂಗೇನಿಲ್ಲ... ನೀವು ಹಿರಿಯರು...”

“ಡಾಕ್ಟ್ರೇ?” ಡಾಕ್ಟರು ಸಿಗರೇಟಿಗೆಂದು ಜೇಬು ತಡಕಿದರು. “ಭೈರಪ್ಪಗೌಡ್ರೇ?” ಗೌಡರು ತಲೆ ತಗ್ಗಿಸಿದರು. ಮಾವ ಕೊನೆಗೆ ಮಗನ ಕಡೆ ತಿರುಗಿದರು. ಆಗ ಅವರ ಧ್ವನಿ ಬಿದ್ದು ಹೋಗಿತ್ತು. “ಮಹೇಶಾ. ನೀನೂನಾ?”

“ಅಪ್ಪಾ... ನಿಮ್ಮನ್ನ ಹೆಂಗೆ ದಾಟಲಿ ನಾನು?”

ಹೆಂಗಸರ ಸಾಲಿನಿಂದ ಅತ್ತೆ ಎದ್ದು ನಿಂತರು. ಅಷ್ಟು ಜನರ ನಡುವೆ ಅವರು ಬಾಯಿ ತೆರೆದದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. “ಹೌದು ಕಣ್ರೀ. ಅವಳು ಹೇಳೋದು ನಿಜ,” ಎಂದು ಹೇಳಿ ಮತ್ತೆ ಕೂತರು.

ಮಾವ ಕಪ್ಪನ್ನು ನೆಲದ ಮೇಲೆ ಇಟ್ಟರು. ಕೊರಳಿನ ಹಾರ ತೆಗೆದು ಅದರ ಮೇಲೆ ಹಾಕಿದರು. ಬೈಗುಳ ನನಗೇ ಬೀಳುತ್ತದೆ ಎಂದುಕೊಂಡು ಗಟ್ಟಿಯಾಗಿ ನಿಂತೆ. ಆದರೆ ಅವರು ತಿರುಗಿದ್ದು ಗಂಡಸರ ಕಡೆಗೆ.

“ನನ್ನನ್ನ ಏನಂತ ತಿಳಿದ್ರಿ? ಕೂರಿಸಿ ಪೂಜೆ ಮಾಡೋ ಕಲ್ಲು ಅಂತಲೇನ್ರೋ? ಬೆಳಿಗ್ಗೆಯಿಂದ ಬೆನ್ನು ಮುರಿದು ಓಡಿಸಿದ್ದೀನಿ! ನೀವು ಹಿಂದೆ ಕೂತು ನಗ್ತಿದ್ರಿ! ಮರ್ಯಾದೆ ಅಂತೆ! ಇದಕ್ಕಿಂತ ಮುಖಕ್ಕೆ ಉಗುಳಿದ್ರೆ ಮರ್ಯಾದೆ ಇರ್ತಿತ್ತು!” ಶೇಷಪ್ಪನವರು ಏನೋ ಹೇಳಲು ಎದ್ದರು. “ನೀವು ಕೂತ್ಕೊಳ್ರಿ! ನಿಮ್ಮ ಗಡಿಯಾರ ಆ ಭದ್ರಾ ಹೊಳೆಗೆ ಎಸೀರಿ!”

ಆಮೇಲೆ ಸೀದಾ ಫಿಯೆಟ್ಟಿನ ಹತ್ತಿರ ಹೋಗಿ ಡಿಕ್ಕಿ ತೆಗೆದು, ಬಿಳಿ ಪಂಚೆಯಲ್ಲೇ ಒಂದು ಕಬ್ಬಿಣದ ಗಟ್ಟಿಗೆ ಕೈಹಾಕಿದರು. ಐದಾರು ಜನ ಸಹಾಯಕ್ಕೆ ಓಡಿ ಬಂದರು.

“ಮುಟ್ಟಬೇಡಿ!” ಎಂದು ಗುಡುಗಿದರು. “ನಿಮ್ಮ ಸಹಾಯ ಸಾಕು ನನಗೆ.”

ನನ್ನ ಗಂಡ ಬಂದರು. ಅವರನ್ನೂ ಕೈಯಿಂದ ತಳ್ಳಿದರು. ನಾನು ಹೋಗಿ ಇನ್ನೊಂದು ಗಟ್ಟಿ ಎತ್ತಿದೆ. ನನ್ನನ್ನು ಬೇಡ ಅನ್ನಲಿಲ್ಲ. ಮಾವ ಸೊಸೆ ಇಬ್ಬರೂ ಏದುಸಿರು ಬಿಡುತ್ತಾ ಕಾರು ಖಾಲಿ ಮಾಡಿದೆವು. ಕೊನೆಯ ಗಟ್ಟಿ ಇಳಿದ ಮೇಲೆ ಮಾವ ಪಂಚೆಗೆ ಕೈ ಒರೆಸಿಕೊಂಡು ಕೀಯನ್ನು ನನ್ನ ಕಡೆ ಎಸೆದರು.

“ಹತ್ತು. ನಾನು, ನೀನು. ಮೂರು ಸುತ್ತು. ಗೆದ್ರೆ ಶೋಲಾವರಂ ನಿಂದು, ಕಾರೂ ನಿಂದು. ಸೋತ್ರೆ ಮಾತು ಹಳೇದೇ.” ಮಗನಿಗೆ ಹೇಳಿದರು, “ಬಾವುಟ ಹಿಡಿ. ಅದನ್ನಾದ್ರೂ ಸರಿಯಾಗಿ ಮಾಡು.”

ಅವರು ಪ್ಲಿಮತ್ತಿನ ಬಾಗಿಲು ತೆಗೆಯುವಾಗ ನಾನು ಕೂಗಿದೆ. “ಮಾವ! ಸೊಸೆ ಅಂತ ದಾರಿ ಬಿಡಬೇಡಿ!”

“ಬಿಡೋರು ಯಾರೇ!” ಎಂದು ಗದರಿ ಬಾಗಿಲು ಬಡಿದುಕೊಂಡರು.

ಬಿಡಲಿಲ್ಲ. ಆ ಪ್ಲಿಮತ್ತಿಗೆ ಎಂಥ ಎಂಜಿನ್ನಿತ್ತು ಅನ್ನುವುದು ಊರಿಗೆ ತಿಳಿದದ್ದು ಅವತ್ತು. ನೇರ ರಸ್ತೆಯಲ್ಲಿ ನನ್ನನ್ನು ಧೂಳಿನಲ್ಲಿ ಬಿಟ್ಟು ಹಾರಿ ಹೋಯಿತು. ಕಬ್ಬಿಣ ಯಾರ ಕಾರಿಗೆ ಬೀಳಬೇಕಿತ್ತು ಎಂದು ಶೇಷಪ್ಪನವರಿಗೆ ಕಣ್ಣಾರೆ ಕಂಡಿರಬೇಕು. ತಿರುವಿನಲ್ಲಿ ನಾನು ಹತ್ತಿರ ಬಂದರೆ ಮಾವ ಅಡ್ಡ ಬರುತ್ತಿದ್ದರು, ಎಡಕ್ಕೆ ಹೋದರೆ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ, ಕಿಟಕಿಯಿಂದ ಕೈ ಹೊರಗೆ ಹಾಕಿ ನನ್ನನ್ನು ಬೈಯುತ್ತಾ. ಎರಡನೆಯ ಸುತ್ತಿನಲ್ಲಿ ಅವರ ಬಂಪರು ನನ್ನ ಒಂದು ದೀಪವನ್ನು ಒಡೆದು ಹಾಕಿತು. ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟೇ ಸಂತೋಷವೂ ಆಯಿತು, ಏಕೆಂದರೆ ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಒಬ್ಬರು ನನ್ನ ಜೊತೆ ಪೂರ್ತಿ ಬಲ ಹಾಕಿ ಜಗಳ ಆಡಿದ್ದು ಅದೇ ಮೊದಲು. ಮೂರನೆಯ ಸುತ್ತಿನ ಕೊನೆಯ ತಿರುವಿನಲ್ಲಿ ಪ್ಲಿಮತ್ ಒಂದು ಮೊಳ ಹೊರಗೆ ಜಾರಿತು. ನಾನು ಆ ಒಂದು ಮೊಳದಲ್ಲಿ ನುಗ್ಗಿದೆ. ಎರಡು ಕಾರಿನ ತಗಡೂ ಉಜ್ಜಿ ಕಿರುಚಿದವು, ನಾನು ಕಾಲು ತೆಗೆಯಲಿಲ್ಲ. ಬಾವುಟ ಹಿಡಿದು ನಿಂತಿದ್ದ ನನ್ನ ಗಂಡನ ಮುಂದೆ ಮೊದಲು ಹಾದು ಹೋದದ್ದು ನನ್ನ ಫಿಯೆಟ್.